ಪ್ರತಿಕಾಯದ ಸಾಕ್ಷ್ಯವೂ ನ್ಯಾಯದ ಹೇತುವೂ

ಪರ್ವತದಲ್ಲಿ ಹೊಗೆ ಕಾಣುತ್ತಿದೆ. ಆದುದರಿಂದ ಅಲ್ಲಿ ಬೆಂಕಿಯಿದೆ. ತರ್ಕಶಾಸ್ತ್ರವನ್ನು ಓದಲು ಕುಳಿತವರಿಗೆ ಮೊಟ್ಟಮೊದಲು ಪರಿಚಯವಾಗುವ ಅನುಮಾನವಿದು. ಇಷ್ಟು ಸುಲಭವಾದ ಮಾತಿಗೆ ಪಕ್ಷ, ಸಪಕ್ಷ, ವಿಪಕ್ಷ, ವ್ಯಾಪ್ತಿ ಎಂದು ಅಷ್ಟೊಂದು ಲಕ್ಷಣಗಳೇಕೆ ಎಂದು ನಮ್ಮಲ್ಲಿ ಅನೇಕರು ಬೇಸರಪಡುವುದುಂಟು. ಆ ಲಕ್ಷಣಗಳನ್ನು ಮರೆತರೆ ಏನಾಗುತ್ತದೆಂಬುದನ್ನು ವೈದ್ಯವಿಜ್ಞಾನದ ಒಂದು ನಿದರ್ಶನದಿಂದ ತೋರಿಸುವುದು ಈ ಲೇಖನದ ಉದ್ದೇಶ. ನಾನು ತತ್ತ್ವಶಾಸ್ತ್ರದ ವಿದ್ಯಾರ್ಥಿ; ವಿಜ್ಞಾನದ ಸಂಗತಿಗಳನ್ನು ವಿಷಯಕ್ಕೆ ಬೇಕಾದಷ್ಟು ಮಾತ್ರ ಹೇಳುತ್ತೇನೆ.

ರಕ್ತದ ಕೆಂಪುಕಣಗಳು ಮೂಳೆಯ ಮಜ್ಜೆಯಲ್ಲಿ ಹುಟ್ಟುತ್ತವೆ. ಅಂಗಾಂಶಗಳಿಗೆ ಆಮ್ಲಜನಕ ಸಾಲದೆ ಬಂದಾಗ ಮೂತ್ರಪಿಂಡಗಳು ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಸ್ರವಿಸುತ್ತವೆ. ಕೆಂಪುಕಣಗಳಾಗಬೇಕಾದ ಎಳೆಯ ಕೋಶಗಳಿಗೆ ಅದು, ಸಾಯದೆ ಉಳಿದು ವೃದ್ಧಿಯಾಗಿರಿ ಎಂಬ ಸಂದೇಶವನ್ನು ಮುಟ್ಟಿಸುತ್ತದೆ. ಆ ಸಂದೇಶವನ್ನು ಕೇಳುವ ಕಿವಿಯೆಂದರೆ ಕೋಶದ ಹೊರಪೊರೆಯಲ್ಲಿ ನಾಟಿಕೊಂಡಿರುವ ಒಂದು ಪ್ರೋಟೀನು. ಅದರ ಒಂದು ಭಾಗ ಕೋಶದ ಹೊರಗೆ, ಇನ್ನೊಂದು ಭಾಗ ಒಳಗೆ. ಇದಕ್ಕೆ ಗ್ರಾಹಕವೆಂದು ಹೆಸರು. ಕೃತಕವಾಗಿ ತಯಾರಿಸಿದ ಎರಿಥ್ರೊಪೊಯೆಟಿನ್ 1989ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಅನುಮತಿ ಪಡೆಯಿತು. ಮೂತ್ರಪಿಂಡ ಕೆಟ್ಟು ರಕ್ತಹೀನರಾದವರಿಗೆ ಅದು ವರವಾಯಿತು. ಮುಂದೆ ಕ್ಯಾನ್ಸರ್ ರೋಗಿಗಳ ರಕ್ತಹೀನತೆಗೂ ಅದನ್ನು ಕೊಡತೊಡಗಿದರು.

2003ರಲ್ಲಿ ಒಂದು ಆತಂಕ ಹುಟ್ಟಿತು. ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದ 351 ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯ ಫಲಿತಾಂಶ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಔಷಧ ಪಡೆದವರಲ್ಲಿ ಹಿಮೋಗ್ಲೋಬಿನ್ ಏರಿತ್ತು. ಆದರೆ ಕ್ಯಾನ್ಸರ್ ಹತೋಟಿಗೆ ಬರುವುದರಲ್ಲಿ ಅವರು ಔಷಧ ಪಡೆಯದವರಿಗಿಂತ ಹಿಂದೆ ಬಿದ್ದಿದ್ದರು. ಹಾಗಾದರೆ ಕ್ಯಾನ್ಸರ್ ಗಡ್ಡೆಯ ಕೋಶಗಳಿಗೂ ಆ ಕಿವಿ ಇರಬಹುದೇ? ಇದ್ದರೆ, ರೋಗಿಗೆಂದು ಕೊಟ್ಟ ಔಷಧ ರೋಗವನ್ನೇ ಪೋಷಿಸಿದಂತಾಗುವುದಿಲ್ಲವೇ? ಉತ್ತರದ ಮೇಲೆ ಅಸಂಖ್ಯಾತ ರೋಗಿಗಳ ಕ್ಷೇಮ ನಿಂತಿತ್ತು.

ಗ್ರಾಹಕವನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಕಾಣಲಾಗದು. ಅದನ್ನು ಹುಡುಕಲು ಪ್ರಯೋಗಶಾಲೆಗಳಲ್ಲಿ ಪ್ರತಿಕಾಯವೆಂಬ ಸಾಧನವನ್ನು ಬಳಸುತ್ತಾರೆ. ಪರಕೀಯ ವಸ್ತುವೊಂದು ಒಡಲನ್ನು ಹೊಕ್ಕಾಗ ಅದನ್ನು ಗುರುತುಹಿಡಿದು ಅಂಟಿಕೊಳ್ಳುವ ಪ್ರೋಟೀನುಗಳನ್ನು ಪ್ರಾಣಿದೇಹ ಸೃಷ್ಟಿಸಿಕೊಳ್ಳುತ್ತದೆ; ಅವೇ ಪ್ರತಿಕಾಯಗಳು. ಬೇಕಾದ ಪ್ರೋಟೀನಿನ ಒಂದು ತುಣುಕನ್ನು ಮೊಲಕ್ಕೆ ಚುಚ್ಚಿ, ಕೆಲವು ವಾರಗಳ ಮೇಲೆ ಅದರ ರಕ್ತದಿಂದ ಪ್ರತಿಕಾಯಗಳನ್ನು ಬೇರ್ಪಡಿಸಬಹುದು. ಗಡ್ಡೆಯ ತೆಳುವಾದ ಸೀಳಿನ ಮೇಲೆ ಅವನ್ನು ಹರಡಿ, ಅಂಟದೆ ಉಳಿದುದನ್ನು ತೊಳೆದು, ಬಣ್ಣ ಬರಿಸುವ ಕಿಣ್ವವನ್ನು ಹೊತ್ತ ಎರಡನೆಯ ಪ್ರತಿಕಾಯವನ್ನು ಸೇರಿಸುತ್ತಾರೆ. ಮೊದಲನೆಯದು ಅಂಟಿದೆಡೆಯಲ್ಲೆಲ್ಲ ಕಂದುಬಣ್ಣ ಮೂಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಪ್ರತಿಕಾಯವು ಇಡೀ ಪ್ರೋಟೀನನ್ನು ಗುರುತಿಸುವುದಿಲ್ಲ. ಅದರ ಮೇಲಿನ ಒಂದು ಕಿರುಭಾಗವನ್ನು ಮಾತ್ರ ಗುರುತಿಸುತ್ತದೆ. ಅಂತಹುದೇ ಕಿರುಭಾಗ ಬೇರೊಂದು ಪ್ರೋಟೀನಿನಲ್ಲಿದ್ದರೆ ಅದಕ್ಕೂ ಅಂಟಿಕೊಳ್ಳುತ್ತದೆ. ಶೀಶೆಯ ಮೇಲಿನ ಚೀಟಿಯಲ್ಲಿ ಏನು ಬರೆದಿದೆಯೆಂಬುದು ಪ್ರತಿಕಾಯಕ್ಕೆ ತಿಳಿಯದು.

ಈ ಗ್ರಾಹಕಕ್ಕೆಂದು ಮಾರಾಟವಾಗುತ್ತಿದ್ದ ಪ್ರತಿಕಾಯಗಳಲ್ಲಿ ಸಿ-20 ಎಂಬುದು ಬಹಳ ಬಳಕೆಯಲ್ಲಿತ್ತು. ಅದನ್ನೂ ಅದರಂತಹ ಇತರ ಪ್ರತಿಕಾಯಗಳನ್ನೂ ಪ್ರಯೋಗಿಸಿದವರಿಗೆ ಹಲವು ಬಗೆಯ ಗಡ್ಡೆಗಳಲ್ಲಿ ಬಣ್ಣ ಕಂಡಿತು. ಗಡ್ಡೆಯಲ್ಲಿ ಗ್ರಾಹಕವಿದೆ, ಬಣ್ಣ ಬಂದಿರುವುದರಿಂದ — ಹೀಗೆ ಅನುಮಾನ ಸಿದ್ಧವಾಯಿತು.

2006ರಲ್ಲಿ ಎಲಿಯಟ್ ಮತ್ತು ಅವರ ಸಹೋದ್ಯೋಗಿಗಳು ಈ ಪ್ರತಿಕಾಯಗಳನ್ನೇ ಪರೀಕ್ಷೆಗೆ ಒಡ್ಡಿ, ಫಲಿತಾಂಶವನ್ನು 'ಬ್ಲಡ್' ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೋಶದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಜೆಲ್ ಪದರದಲ್ಲಿ ಓಡಿಸಿದರೆ ಚಿಕ್ಕವು ಮುಂದೆ ಸಾಗಿ ದೊಡ್ಡವು ಹಿಂದುಳಿಯುತ್ತವೆ; ಹೀಗೆ ಪ್ರತಿಕಾಯ ಅಂಟಿದ ಪ್ರೋಟೀನಿನ ತೂಕವನ್ನು ಅಂದಾಜು ಮಾಡಬಹುದು. ಗ್ರಾಹಕದ ನಿರೀಕ್ಷಿತ ತೂಕ 56ರಿಂದ 57 ಕಿಲೋಡಾಲ್ಟನ್. ಹಿಂದಿನವರ ಪ್ರತಿಕಾಯಗಳು ತೋರಿಸಿದ್ದುದು 66ರಿಂದ 78 ಕಿಲೋಡಾಲ್ಟನ್ ತೂಕದವನ್ನು. ಸಿ-20 ಹಿಡಿದಿದ್ದ 66 ಕಿಲೋಡಾಲ್ಟನ್‌ನ ವಸ್ತುವನ್ನು ಬಿಡಿಸಿ ನೋಡಿದಾಗ ಅದು ಎಚ್‌ಎಸ್‌ಪಿ-70 ಎಂಬ ಬೇರೆಯೇ ಪ್ರೋಟೀನೆಂದು ತಿಳಿಯಿತು. ಕೋಶಕ್ಕೆ ಬಿಸಿ ಮೊದಲಾದ ಸಂಕಟ ಒದಗಿದಾಗ ಹೆಚ್ಚುವ ಪ್ರೋಟೀನದು. ಅವರು ಪರೀಕ್ಷಿಸಿದ ಪ್ರತಿಕಾಯಗಳಲ್ಲಿ ಒಂದೂ ಅಂಗಾಂಶಕ್ಕೆ ಬಣ್ಣ ಕಟ್ಟಿ ಗ್ರಾಹಕವನ್ನು ಗುರುತಿಸಲು ತಕ್ಕುದಾಗಿರಲಿಲ್ಲ. ಈ ಸಂಶೋಧಕರು ಔಷಧವನ್ನು ತಯಾರಿಸುವ ಅಮ್ಜೆನ್ ಕಂಪನಿಗೆ ಸೇರಿದವರೆಂಬುದನ್ನು ವಾಚಕರು ಗಮನದಲ್ಲಿಡಬೇಕು. ಆದರೆ ವಾದವನ್ನು ತೂಗಬೇಕಾದುದು ಹೇತುವಿನಿಂದ. ತೂಕದ ಲೆಕ್ಕ ಯಾರು ಬೇಕಾದರೂ ಪರೀಕ್ಷಿಸಬಹುದಾದ ಲೆಕ್ಕ.

ಈಗ ನಮ್ಮ ಶಾಸ್ತ್ರಕ್ಕೆ ಬರೋಣ. ಹೊಗೆಯಿಂದ ಬೆಂಕಿಯನ್ನು ಊಹಿಸಬೇಕಾದರೆ ಎರಡು ಸ್ಥಳಗಳನ್ನು ನೋಡಿರಬೇಕೆಂದು ನೈಯಾಯಿಕರು ಹೇಳುತ್ತಾರೆ. ಬೆಂಕಿ ಇದೆಯೆಂದು ನಿಶ್ಚಯವಾಗಿ ಗೊತ್ತಿರುವ ಅಡಿಗೆಮನೆ ಸಪಕ್ಷ. ಅಲ್ಲಿ ಹೊಗೆ ಕಾಣಬೇಕು. ಬೆಂಕಿ ಇಲ್ಲವೆಂದು ನಿಶ್ಚಯವಾಗಿ ಗೊತ್ತಿರುವ ಸರೋವರ ವಿಪಕ್ಷ. ಅಲ್ಲಿ ಹೊಗೆ ಕಾಣಬಾರದು. ಪ್ರಯೋಗಶಾಲೆಯಲ್ಲಿಯೂ ಇದೇ ಕ್ರಮ ಬೇಕು. ಗ್ರಾಹಕವನ್ನು ಖಂಡಿತವಾಗಿ ಹೊಂದಿರುವ ಕೋಶ ಅಡಿಗೆಮನೆ. ಗ್ರಾಹಕದ ಜೀನನ್ನೇ ತೆಗೆದುಹಾಕಿದ ಕೋಶ ಸರೋವರ. ಅಡಿಗೆಮನೆಯನ್ನು ಮಾತ್ರ ನೋಡಿ ಸರೋವರವನ್ನು ನೋಡದೆ ಬಂದವನ ಅನುಮಾನ ಅರ್ಧ ಅನುಮಾನವೇ ಸರಿ. ಸಾಧ್ಯವಿಲ್ಲದೆಡೆಯಲ್ಲೂ ಕಾಣಿಸಿಕೊಳ್ಳುವ ಹೇತುವನ್ನು ಸವ್ಯಭಿಚಾರವೆನ್ನುತ್ತೇವೆ. ಸಿ-20 ತಂದ ಬಣ್ಣ ಅಂತಹ ಹೇತುವಾಗಿತ್ತು.

ಇಲ್ಲಿ ಇನ್ನೊಂದು ಎಚ್ಚರವೂ ಬೇಕು. ಹೇತು ಕೆಟ್ಟಿತೆಂದ ಮಾತ್ರಕ್ಕೆ ಅದರ ವಿರುದ್ಧವಾದುದು ಸಿದ್ಧವಾಗುವುದಿಲ್ಲ. ಕಂಡದ್ದು ಮಂಜು ಎಂದು ಗೊತ್ತಾದರೆ ಪರ್ವತದಲ್ಲಿ ಬೆಂಕಿಯಿಲ್ಲವೆಂದು ಹೇಳಲಾಗದು. 2003ರ ಪರೀಕ್ಷೆ ಯಾವ ಬಣ್ಣವನ್ನೂ ನಂಬಿ ನಡೆದುದಲ್ಲ. ಅದು ರೋಗಿಗಳನ್ನೇ ಎಣಿಸಿತ್ತು. ಅಂತಹ ಇನ್ನೂ ಕೆಲವು ಪರೀಕ್ಷೆಗಳ ಬಳಿಕ 2007ರ ಮಾರ್ಚಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಈ ಬಗೆಯ ಔಷಧಗಳ ಮೇಲೆ ಚೌಕಟ್ಟಿನೊಳಗಿನ ಕಟ್ಟೆಚ್ಚರಿಕೆಯನ್ನು ಮುದ್ರಿಸಬೇಕೆಂದು ವಿಧಿಸಿತು. ಔಷಧದಿಂದ ಕೇಡಾಗಬಹುದೆಂಬುದು ಒಂದು ವಾಕ್ಯ. ಆ ಕೇಡು ಗಡ್ಡೆಯ ಗ್ರಾಹಕದ ಮೂಲಕ ಆಗುತ್ತದೆಂಬುದು ಇನ್ನೊಂದು. ಪ್ರತಿಕಾಯ ಸೋತಾಗ ಕುಸಿದುದು ಎರಡನೆಯದರ ಆಧಾರ ಮಾತ್ರ.

2016ರಲ್ಲಿ ಅಂತರರಾಷ್ಟ್ರೀಯ ವಿದ್ವಾಂಸರ ತಂಡವೊಂದು ಪ್ರತಿಕಾಯಗಳನ್ನು ಪರೀಕ್ಷಿಸಲು ಐದು ಮಾರ್ಗಗಳನ್ನು ಸೂಚಿಸಿತು. ಜೀನನ್ನು ತೆಗೆದು ನೋಡುವುದು ಅವುಗಳಲ್ಲೊಂದು. ಅದೇ ಪ್ರೋಟೀನಿನ ಬೇರೆ ಭಾಗವನ್ನು ಗುರುತಿಸುವ ಮತ್ತೊಂದು ಪ್ರತಿಕಾಯದೊಡನೆ ಹೋಲಿಸುವುದು ಇನ್ನೊಂದು. ಇವುಗಳನ್ನು ಓದುವಾಗ ನನಗೆ ಹೊಸತೇನನ್ನೋ ಓದುತ್ತಿರುವೆನೆಂದು ಅನ್ನಿಸಲಿಲ್ಲ. ಸರೋವರದ ದಡಕ್ಕೂ ಹೋಗಿ ನೋಡಿ ಬಾ ಎಂದು ನಮ್ಮ ಹಿರಿಯರು ಹೇಳಿದ ಮಾತೇ ಅಲ್ಲಿಯೂ ಇತ್ತು. ತರ್ಕದ ಪಾಠವನ್ನು ಪರೀಕ್ಷೆಗೆಂದು ಉರುಹೊಡೆಯುವ ಗೆಳೆಯರು, ಈ ವಿಪಕ್ಷವೆಂಬ ಒಂದು ಮಾತನ್ನಾದರೂ ಪರೀಕ್ಷೆಯಾಚೆಗೂ ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.