ಕರೆದವರು ಯಾರು? ಸ್ಟ್ಯಾಕ್ ಬಿಚ್ಚುವ ಕೋಡ್ ಓದುತ್ತಾ ಕಲಿತದ್ದು

ವಸ್ತಾರೆಯ ಮನೆಯಲ್ಲಿ ಕೂತು ನಾನು ಮಾಡುವ ಕೆಲಸಗಳಲ್ಲಿ ಒಂದು, ಪ್ರೊಫೈಲರ್‌ಗೆ ಬರುವ ಕೋಡ್ ಬದಲಾವಣೆಗಳನ್ನು ಪರಿಶೀಲಿಸುವುದು. ಪ್ರೋಗ್ರಾಂ ಎಲ್ಲಿ ಹೊತ್ತು ಕಳೆಯುತ್ತಿದೆ ಎಂದು ಪ್ರೊಫೈಲರ್ ಆಗಾಗ ಇಣುಕುತ್ತದೆ. ಈ ಫಂಕ್ಷನ್ನನ್ನು ಕರೆದವರು ಯಾರು, ಅವರನ್ನು ಕರೆದವರು ಯಾರು ಎಂದು ಹಿಂದಕ್ಕೆ ಹೋಗುತ್ತದೆ. ತೋಟದಲ್ಲಿ ಮರಗಸಿ ಮಾಡುವವರನ್ನು, ಅಂದರೆ ನೆರಳಿನ ಮರದ ಕೊಂಬೆ ಕಡಿಯುವವರನ್ನು, ಯಾರು ಕಳಿಸಿದ್ದೆಂದು ಕೇಳಿದರೆ ಮೇಸ್ತ್ರಿ ಎನ್ನುತ್ತಾರೆ, ಮೇಸ್ತ್ರಿ ರೈಟರ್ ಎನ್ನುತ್ತಾರೆ, ರೈಟರ್ ಸಾಹುಕಾರರ ಹೆಸರು ಹೇಳುತ್ತಾರೆ. ಕರೆದವರ ಸರಪಳಿಯನ್ನು ಹೀಗೆ ಹಿಂದಕ್ಕೆ ಹಿಡಿಯುವುದೇ ಸ್ಟ್ಯಾಕ್ ಬಿಚ್ಚುವುದು. ಆ ಕೋಡ್ ಪರಿಶೀಲಿಸುತ್ತಾ ನಾನು ಕಲಿತ ಐದು ಪಾಠಗಳು ಇವು.

1. ಅರ್ಧಕ್ಕೆ ನಿಂತ ಸ್ಟ್ಯಾಕ್‌ಗಿಂತ ಸುಳ್ಳು ಸ್ಟ್ಯಾಕ್ ಅಪಾಯ

ಸರಪಳಿ ತುಂಡಾದಲ್ಲಿ ಸ್ಟ್ಯಾಕನ್ನೆಲ್ಲ ಜಾಲಾಡಿ, ಮರಳುವ ವಿಳಾಸದಂತೆ (ಫಂಕ್ಷನ್ ಮುಗಿದ ಮೇಲೆ ಕರೆದವರಲ್ಲಿ ಎಲ್ಲಿಗೆ ಹೋಗಬೇಕೆಂಬ ಗುರುತು) ಕಂಡದ್ದನ್ನು ಎತ್ತಿಕೊಳ್ಳುವ ಬದಲಾವಣೆಯೊಂದು ಬಂದಿತ್ತು. ಚಿತ್ರ ತುಂಬಿಕೊಂಡು ಕಂಡಿತು, ನಾನು ಒಪ್ಪಿಬಿಟ್ಟೆ. ಮುಗಿದುಹೋದ ಫಂಕ್ಷನ್‌ಗಳ ಹಳೆಯ ವಿಳಾಸಗಳೂ ಸ್ಟ್ಯಾಕಿನಲ್ಲಿ ಉಳಿದಿರುತ್ತವೆ ಎಂಬುದು ಆಗ ನನಗೆ ಹೊಳೆಯಲಿಲ್ಲ. ಕರೆಯದವರೇ ಕರೆದವರಾಗಿ ಕಾಣಿಸಿಕೊಂಡರು. ಅದನ್ನು ನಂಬಿದ ಸಹೋದ್ಯೋಗಿಯೊಬ್ಬರು ಸಂಬಂಧವೇ ಇಲ್ಲದ ಫಂಕ್ಷನ್ನನ್ನು ತಿದ್ದುತ್ತಾ ದಿನಗಳನ್ನು ಕಳೆದರು. ದಾರಿ ತಿಳಿಯದಿದ್ದಾಗ ಕೋಡ್ ನಿಲ್ಲುತ್ತದೆಯೇ, ನಿಂತೆನೆಂದು ಗುರುತು ಹಾಕುತ್ತದೆಯೇ ಎಂಬುದನ್ನೇ ಈಗ ಮೊದಲು ನೋಡುತ್ತೇನೆ.

2. ಫ್ರೇಮ್ ಪಾಯಿಂಟರ್ ಇದೆಯೆಂದು ಪೂರಾ ನಂಬಬಾರದು

ಎಕ್ಸ್86-64 ಪ್ರೊಸೆಸರಿನಲ್ಲಿ ಫ್ರೇಮ್ ಪಾಯಿಂಟರ್ ಎಂದರೆ ಆರ್‌ಬಿಪಿ ರಿಜಿಸ್ಟರ್, ಹಿಂದಿನ ಫ್ರೇಮಿನ (ಕರೆದವರಿಗೆ ಸ್ಟ್ಯಾಕಿನಲ್ಲಿ ಸಿಕ್ಕ ಜಾಗದ) ಕೊಂಡಿ. ಅದು ತೋರುವ ಜಾಗದಿಂದ 8 ಬೈಟ್ ಮೇಲೆ ಮರಳುವ ವಿಳಾಸ. ವೇಗಕ್ಕಾಗಿ ಕಂಪೈಲರ್ ಆ ರಿಜಿಸ್ಟರನ್ನು ಬೇರೆ ಕೆಲಸಕ್ಕೆ ಹಚ್ಚುವುದುಂಟು. 2023ರ ಫೆಡೋರಾ 38, ಆಮೇಲೆ ಉಬುಂಟು 24.04 ತಮ್ಮ ಪ್ಯಾಕೇಜುಗಳಲ್ಲಿ ಫ್ರೇಮ್ ಪಾಯಿಂಟರನ್ನು ಮತ್ತೆ ಉಳಿಸಿಕೊಂಡವು. ಒಳ್ಳೆಯ ತೀರ್ಮಾನ. ಆದರೂ ಫಂಕ್ಷನ್ನಿನ ಮೊದಲ ಸೂಚನೆಯಲ್ಲೇ ಇಣುಕಿದರೆ ಆರ್‌ಬಿಪಿ ಇನ್ನೂ ಕರೆದವರ ಫ್ರೇಮನ್ನೇ ತೋರುತ್ತಿರುತ್ತದೆ. ಆಗ ನೇರವಾಗಿ ಕರೆದವರೇ ಮಾಯವಾಗುತ್ತಾರೆ, ಉಳಿದದ್ದೆಲ್ಲ ಸರಿಯಾಗಿಯೇ ಕಾಣುತ್ತದೆ.

3. ಒಂದು ಕಳೆಯುವ ಸಾಲಿಗೆ ಕಾರಣವಿದೆ

ವಿಳಾಸದಿಂದ 1 ಕಳೆದು ಹೆಸರು ಹುಡುಕುವ ಸಾಲು ಅನಗತ್ಯ, ತೆಗೆಯಿರಿ ಎಂದು ಒಮ್ಮೆ ಬರೆದಿದ್ದೆ. ತಪ್ಪು ನನ್ನದು. ಮರಳುವ ವಿಳಾಸ ಕರೆಯ ಮುಂದಿನ ಸೂಚನೆಯದು. ಎಂದೂ ಮರಳದ ಫಂಕ್ಷನ್ನನ್ನು ಕೊನೆಯಲ್ಲಿ ಕರೆದಿದ್ದರೆ ಆ ವಿಳಾಸ ಪಕ್ಕದ ಫಂಕ್ಷನ್ನಿಗೆ ಸೇರಿರಬಹುದು; 1 ಕಳೆದರೆ ಕರೆದ ಫಂಕ್ಷನ್ನೇ ಸಿಗುತ್ತದೆ. ಆದರೆ ಈಗ ಓಡುತ್ತಿರುವ ಫ್ರೇಮಿಗೂ, ಸಿಗ್ನಲ್ ಬಂದು ತಡೆದ ಫ್ರೇಮಿಗೂ ಕಳೆಯಬಾರದು; ಅಲ್ಲಿರುವುದು ಮರಳುವ ವಿಳಾಸವಲ್ಲ.

4. ಡ್ವಾರ್ಫ್ ಬಳಸಿದರೆ ಖರ್ಚು ಲೆಕ್ಕ ಹಾಕಿ

ಫ್ರೇಮ್ ಪಾಯಿಂಟರ್ ಬದಲು ಕಂಪೈಲರ್ ಬರೆದಿಟ್ಟ ಮಾಹಿತಿಯಿಂದ ಸ್ಟ್ಯಾಕ್ ಬಿಚ್ಚುವುದು ಡ್ವಾರ್ಫ್ ವಿಧಾನ. ಪ್ರೊಫೈಲ್ ಮಾಡುವ ಪರ್ಫ್ ಉಪಕರಣ ಈ ವಿಧಾನದಲ್ಲಿ ಪ್ರತಿ ಸಲ ಇಣುಕಿದಾಗಲೂ ಸಾಮಾನ್ಯವಾಗಿ ಸ್ಟ್ಯಾಕಿನ 8192 ಬೈಟ್ ನಕಲು ಮಾಡುತ್ತದೆ. ಅದಕ್ಕಿಂತ ಆಳವಾದದ್ದು ಸಿಗುವುದಿಲ್ಲ.

5. ಸಿಗ್ನಲ್ ಹ್ಯಾಂಡ್ಲರ್ ಕರೆಯುವ ಪ್ರತಿ ಫಂಕ್ಷನ್ನನ್ನೂ ಓದಿ

ನಮ್ಮ ಪ್ರೊಫೈಲರ್ ಇಣುಕುವುದು ಸಿಗ್ನಲ್ ಕಳಿಸಿ; ಆಗ ಪ್ರೋಗ್ರಾಂ ತಡೆದು ಹ್ಯಾಂಡ್ಲರ್ ಓಡುತ್ತದೆ. ಪ್ರೋಗ್ರಾಂ ಮೆಮೊರಿ ಹಂಚುವ ಮ್ಯಾಲಕ್‌ನ ಬೀಗ ಹಿಡಿದಿರುವಾಗಲೇ ಹ್ಯಾಂಡ್ಲರ್ ಕೂಡ ಮೆಮೊರಿ ಕೇಳಿದರೆ ಎರಡೂ ಅಲ್ಲೇ ನಿಲ್ಲುತ್ತವೆ. ನಾನು ಗಮನಿಸದೆ ಬಿಟ್ಟದ್ದು ಹ್ಯಾಂಡ್ಲರಿನ ಒಂದು ಲಾಗ್ ಸಾಲು. ಒಳಗೆ ಅದು ಮೆಮೊರಿ ಕೇಳುತ್ತಿತ್ತು. ಪರೀಕ್ಷೆಗಳೆಲ್ಲ ಪಾಸಾಗಿದ್ದವು.

ಇಂಥ ಬದಲಾವಣೆ ನಿಮ್ಮ ಮುಂದೆ ಬಂದರೆ, ಯಾರು ಯಾರನ್ನು ಕರೆಯುತ್ತಾರೆಂದು ಮೊದಲೇ ಗೊತ್ತಿರುವ ಪುಟ್ಟ ಪ್ರೋಗ್ರಾಮೊಂದನ್ನು ಆ ಬದಲಾವಣೆ ಬರೆದವರಿಂದ ಕೇಳಿ ಪಡೆಯಿರಿ. ಫ್ರೇಮ್ ಪಾಯಿಂಟರ್ ಇಟ್ಟೂ ತೆಗೆದೂ ಅದನ್ನು ನಿಮ್ಮ ಯಂತ್ರದಲ್ಲೇ ಓಡಿಸಿ ನೋಡಿ, ಆಮೇಲೆ ಒಪ್ಪಿಗೆ ಕೊಡಿ.