ಕಂಬ ಹತ್ತುವ ಮೊದಲು

ಮಗೂ,

ನಿನ್ನೆ ರಾತ್ರಿ ಫೋನಿನಲ್ಲಿ ನಿನ್ನ ದನಿ ಕೇಳಿ ಮನಸ್ಸಿಗೆ ಕಷ್ಟವಾಯಿತು. ನಾಲ್ವರು ಗೆಳೆಯರ ಜೊತೆ ಆಡುತ್ತಿದ್ದೆಯಂತೆ. ಇನ್ನೇನು ಗೆದ್ದೆವು ಅನ್ನುವಾಗ ಸರ್ವರ್ ಸಂಪರ್ಕ ಕಡಿದಿದೆ ಎಂಬ ಸಾಲು ಮೂಡಿ ಆಟ ನಿನ್ನನ್ನು ಆಚೆ ದಬ್ಬಿತಂತೆ. ಮತ್ತೆ ಒಳಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಾಲದ್ದಕ್ಕೆ, ಅರ್ಧಕ್ಕೆ ಬಿಟ್ಟು ಹೋದವನೆಂದು ನಿನಗೇ ದಂಡ. ಆಟ ತಾನೇ, ಹೋದರೆ ಹೋಯಿತು ಅನ್ನುವವರು ನಮ್ಮ ಮನೆಯಲ್ಲೇ ಇದ್ದಾರೆ. ನಾನು ಹಾಗೆ ಅನ್ನುವುದಿಲ್ಲ. ಮಾತಿನ ನಡುವೆ ಲೈನು ಕಡಿದರೆ ಜನ ಎಷ್ಟು ಚಡಪಡಿಸುತ್ತಾರೆ ಎಂಬುದನ್ನು ದೂರವಾಣಿ ಇಲಾಖೆಯಲ್ಲಿ 32 ವರ್ಷ ಹತ್ತಿರದಿಂದ ಕಂಡಿದ್ದೇನೆ.

ಆದರೆ ಆಮೇಲೆ ನೀನು ಮಾಡಿದ್ದನ್ನು ಕೇಳಿ ಇನ್ನೂ ಹೆಚ್ಚು ಚಿಂತೆಯಾಯಿತು. ಆಟವನ್ನೇ ಅಳಿಸಿ ಪುನಃ ಡೌನ್‌ಲೋಡ್ ಮಾಡಿದೆ. ಡಿಎನ್‌ಎಸ್ ಬದಲಾಯಿಸಿದೆ. ಯಾರದೋ ವಿಡಿಯೊ ನೋಡಿ ಫೈರ್‌ವಾಲ್ ಆಫ್ ಮಾಡಿದೆ. ವಿಪಿಎನ್ ಹಾಕಿದೆ. ಎಲ್ಲವೂ ಒಂದೇ ಸಂಜೆಯಲ್ಲಿ. ಈಗ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ನಿನಗೆ ತಿಳಿಯದು, ಇನ್ನಷ್ಟು ಕೆಟ್ಟರೂ ತಿಳಿಯದು. ಮೊದಲು ಆ ಫೈರ್‌ವಾಲನ್ನು ಆನ್ ಮಾಡು. ಇದನ್ನು ಓದಿ ಮುಗಿಸುವ ಮೊದಲೇ ಮಾಡು.

ನಾನೂ ಒಮ್ಮೆ ಹೀಗೇ ಎಡವಿದ್ದೆ. ಆಗ ಕೆಲಸಕ್ಕೆ ಸೇರಿದ ಹೊಸದು. ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಎಕ್ಸ್‌ಚೇಂಜು. ದೂರಿನ ನಂಬರು 198ಕ್ಕೆ ಕರೆ ಬಂತೆಂದು ಚೀಟಿ ಹಿಡಿದು ಜಡಿಮಳೆಯಲ್ಲಿ ಸೈಕಲ್ ತುಳಿದೆ. ಕಂಬ ಹತ್ತಿದೆ, ವಯರುಗಳು ಮನೆಮನೆಗೆ ಕವಲೊಡೆಯುವ ಡಿಪಿ ಬಾಕ್ಸ್ ತೆಗೆದು ತಿಕ್ಕಿ ಒರೆಸಿದೆ, ಹೊಸ ಡ್ರಾಪ್ ವಯರ್ ಎಳೆದೆ. ಮೂರು ತಾಸಾದರೂ ಟೋನ್ ಬರಲಿಲ್ಲ. ತಪ್ಪು ಎಕ್ಸ್‌ಚೇಂಜಿನ ಒಳಗೇ ಇತ್ತು. ಟೆಸ್ಟ್ ಡೆಸ್ಕಿನಲ್ಲಿದ್ದ ಹಿರಿಯರು ಬೈಯಲಿಲ್ಲ, ತೋಳು ಹಿಡಿದು ಎಂಡಿಎಫ್ ಮುಂದೆ ನಿಲ್ಲಿಸಿದರು. ಊರಿನ ವಯರುಗಳೆಲ್ಲ ಒಳಗಿನ ಯಂತ್ರಕ್ಕೆ ಸೇರುವ ದೊಡ್ಡ ಚೌಕಟ್ಟು ಅದು. "ಕಂಬ ಹತ್ತೋದು ಕಡೇ ಕೆಲಸ ಮಾರಾಯ. ಮೊದ್ಲು ಇಲ್ಲಿ ಫ್ಯೂಸ್ ಕಿತ್ತು ಎರಡೂ ಕಡೆ ಕೇಳು" ಅಂದರು. ಒಳಗಡೆ ಟೋನ್ ಇದ್ದರೆ ತಪ್ಪು ಹೊರಗೆ. ಆಮೇಲೆ ರಸ್ತೆ ಬದಿಯ ಪಿಲ್ಲರ್ ಪೆಟ್ಟಿಗೆಯಲ್ಲಿ ಬಿಡಿಸಿ ಕೇಳು, ಆಮೇಲೆ ಡಿಪಿಯಲ್ಲಿ, ಕೊನೆಗೆ ಮನೆಯ ಗೋಡೆಯಲ್ಲಿ ಫೋನು ಸಿಕ್ಕಿಸುವ ರೋಸೆಟ್ಟಿನಲ್ಲಿ. ಒಂದೊಂದು ಸಲ ಬಿಡಿಸಿದಾಗಲೂ ಒಂದಷ್ಟು ದಾರಿ ನಿರಪರಾಧಿ ಎಂದು ಗೊತ್ತಾಗುತ್ತದೆ. ನಿನ್ನ ಆಟದ ಲೈನೂ ಹೀಗೆ ತುಂಡು ತುಂಡಾಗಿಯೇ ಇದೆ. ಲ್ಯಾಪ್‌ಟಾಪಿನಿಂದ ವೈಫೈ, ಅಲ್ಲಿಂದ ಹಾಸ್ಟೆಲಿನ ರೂಟರ್, ಅಲ್ಲಿಂದ ಇಂಟರ್ನೆಟ್ ಕಂಪನಿ, ಅಲ್ಲಿಂದ ಮುಂಬೈಯೋ ಸಿಂಗಪುರವೋ, ಕೊನೆಗೆ ಆಟದ ಸರ್ವರ್.

ಪರದೆಯ ಮೇಲೆ ಬರುವ ಎರರ್ ನಂಬರು ಯಾವ ತುಂಡು ಕೆಟ್ಟಿದೆ ಎಂದು ಹೇಳುತ್ತದೆಂದು ನಂಬಬೇಡ. 2021ರ ಡಿಸೆಂಬರಿನಲ್ಲಿ ಫೈನಲ್ ಫ್ಯಾಂಟಸಿ 14 ಎಂಬ ಜಪಾನಿ ಆಟಕ್ಕೆ ಎಂಡ್‌ವಾಕರ್ ಎಂಬ ಹೊಸ ಭಾಗ ಬಂದಾಗ ಲೋಕವೆಲ್ಲ ನುಗ್ಗಿತು. ಸರದಿಯಲ್ಲಿ ಕಾದವರನ್ನು 2002 ಎಂಬ ಎರರ್ ಹೊರಗೆ ಹಾಕುತ್ತಿತ್ತು. ಒಂದು ಡೇಟಾ ಸೆಂಟರಿನ ಸರದಿ 17,000 ದಾಟಿದರೆ ಈ ಎರರ್ ಬರುತ್ತದೆ ಎಂದು ಆಟದ ಮುಖ್ಯಸ್ಥ ನಾವೊಕಿ ಯೋಶಿದಾ ಬಹಿರಂಗವಾಗಿ ಒಪ್ಪಿಕೊಂಡರು. ಚಿಪ್‌ಗಳ ಕೊರತೆಯಿಂದ ಹೊಸ ಸರ್ವರ್ ಹಾಕಲಾಗಿಲ್ಲ ಎಂದು ಕ್ಷಮೆ ಕೇಳಿದರು, ಆಟದ ಮಾರಾಟವನ್ನೇ ಕೆಲಕಾಲ ನಿಲ್ಲಿಸಿದರು. ಆದರೆ ಅದೇ 2002, ಆಟಗಾರನ ಸ್ವಂತ ಲೈನಿನಲ್ಲಿ ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಕಳೆದುಹೋದಾಗಲೂ ಬರುತ್ತಿತ್ತು! ನಂಬರು ಒಂದೇ, ತಪ್ಪಿನ ಜಾಗ ಎರಡು. ಇನ್ನು 2025ರ ಅಕ್ಟೋಬರ್ 20ರಂದು ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಡೇಟಾ ಸೆಂಟರುಗಳಲ್ಲಿ ತೊಂದರೆಯಾಗಿ ಫೋರ್ಟ್‌ನೈಟ್, ರೋಬ್ಲಾಕ್ಸ್ ಆಡುವವರು ಒಳಗೇ ಹೋಗಲಾಗದೆ ಒದ್ದಾಡಿದರು. ಆ ದಿನ ಮನೆಯಲ್ಲಿ ಕೂತು ರೂಟರ್ ಆಫ್ ಮಾಡಿ ಆನ್ ಮಾಡಿದವರ ಶ್ರಮವೆಲ್ಲ ದಂಡವಾಯಿತು. ಹಾಗಾಗಿ ಆಚೆ ದಬ್ಬಿಸಿಕೊಂಡ ಕೂಡಲೇ ಬೇರೆ ಊರಿನಲ್ಲಿರುವ ಗೆಳೆಯನನ್ನು ಕೇಳು, ನಿನಗೂ ಹೀಗಾಯಿತಾ ಎಂದು. ಅವನಿಗೂ ಆಗಿದ್ದರೆ ಲ್ಯಾಪ್‌ಟಾಪ್ ಮುಚ್ಚಿ ಊಟಕ್ಕೆ ಹೋಗು.

ಅವನಿಗೆ ಆಗಿಲ್ಲವೆಂದರೆ ಎಂಡಿಎಫ್‌ನಲ್ಲಿ ಫ್ಯೂಸ್ ಕಿತ್ತಂಥ ಪರೀಕ್ಷೆ ನಿನ್ನ ಜೇಬಿನಲ್ಲೇ ಇದೆ. ಮೊಬೈಲಿನ ಹಾಟ್‌ಸ್ಪಾಟ್ ಆನ್ ಮಾಡಿ ಅದರಲ್ಲಿ ಎರಡು ಆಟ ಆಡು. ಆಡುವುದಕ್ಕೆ ಡೇಟಾ ಬಹಳ ಬೇಕಾಗದು, ಆಟವನ್ನು ಡೌನ್‌ಲೋಡ್ ಮಾಡುವುದಕ್ಕೆ ಬೇಕು. ಹಾಟ್‌ಸ್ಪಾಟಿನಲ್ಲಿ ಸರಿಯಾಗಿ ನಡೆದರೆ ನಿನ್ನ ಲ್ಯಾಪ್‌ಟಾಪೂ ಸರಿ, ಆಟವೂ ಸರಿ, ಸರ್ವರೂ ಸರಿ. ಉಳಿದದ್ದು ಹಾಸ್ಟೆಲಿನ ವೈಫೈ ಮತ್ತು ಅದರ ಹಿಂದಿನ ಲೈನು. ನಿನ್ನೆ ಇದೊಂದನ್ನು ಮಾಡಿದ್ದರೆ ಆಟವನ್ನು ಅಳಿಸುವ ಕೆಲಸವೇ ಇರಲಿಲ್ಲ.

ಮುಂದಿನದು ಪಿಂಗ್. ಮೈಕ್ ಮೂಸ್ ಎಂಬ ಅಮೆರಿಕದವರು 1983ರ ಡಿಸೆಂಬರಿನಲ್ಲಿ ತಮ್ಮ ಕಡೆಯ ನೆಟ್‌ವರ್ಕ್ ತೊಂದರೆ ಕೊಟ್ಟಾಗ ರಾತ್ರಿ ಕೂತು ಬರೆದ ಪ್ರೋಗ್ರಾಂ ಅದು. ನೀರಿನೊಳಗೆ ಸದ್ದು ಬಿಟ್ಟು ಪ್ರತಿಧ್ವನಿ ಕೇಳುವ ಸೋನಾರ್‌ನಿಂದ ಅದರ ಹೆಸರು. ಕೂಗಿದರೆ ಓಗೊಡುತ್ತಾರಾ, ಎಷ್ಟು ಹೊತ್ತಿಗೆ ಓಗೊಡುತ್ತಾರೆ ಎಂದು ನೋಡುವುದಷ್ಟೇ ಅದರ ಕೆಲಸ. ನೆಟ್‌ವರ್ಕ್ ವಿವರದಲ್ಲಿ ಡೀಫಾಲ್ಟ್ ಗೇಟ್‌ವೇ ಎಂದು ಒಂದು ವಿಳಾಸ ಇರುತ್ತದೆ, ಮನೆಗಳಲ್ಲಿ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಅದಕ್ಕೆ ನೂರು ಪಿಂಗ್ ಕಳಿಸು. ಲ್ಯಾನ್ ಕೇಬಲ್ಲಿನಲ್ಲಿ ಒಂದು ಮಿಲಿಸೆಕೆಂಡಿನ ಆಸುಪಾಸು, ವೈಫೈಯಲ್ಲಿ ಅದಕ್ಕಿಂತ ಕೆಲವು ಮಿಲಿಸೆಕೆಂಡು ಹೆಚ್ಚು ಬರಬೇಕು. ನಡುನಡುವೆ 200, 300 ಎಂದು ಜಿಗಿದರೆ ಅಥವಾ ರಿಕ್ವೆಸ್ಟ್ ಟೈಮ್ಡ್ ಔಟ್ ಎಂದು ಬಂದರೆ ತಪ್ಪು ನಿನಗೂ ರೂಟರಿಗೂ ನಡುವೆಯೇ ಇದೆ. ಹಾಸ್ಟೆಲಿನಲ್ಲಿ ನನ್ನ ಅನುಮಾನ ಅಲ್ಲೇ. 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಒಂದಕ್ಕೊಂದು ತಾಗದ ಚಾನೆಲ್ಲುಗಳು 1, 6, 11, ಈ ಮೂರೇ. ಒಂದು ಮಹಡಿಯ ಹತ್ತಾರು ಕೋಣೆಗಳು ಆ ಮೂರರಲ್ಲೇ ಹಂಚಿಕೊಂಡು ಮಾತಾಡಬೇಕು. ಬ್ಲೂಟೂತ್ ಇಯರ್‌ಫೋನು ಅಲ್ಲೇ, ಮೈಕ್ರೋವೇವ್ ಒಲೆಯ ಸೋರಿಕೆಯೂ ಅಲ್ಲೇ. 5 ಗಿಗಾಹರ್ಟ್ಸ್ ಸಿಕ್ಕರೆ ಹಿಡಿ, ಅಲ್ಲಿ ಜಾಗ ಹೆಚ್ಚು. ಆದರೆ ಅದು ಗೋಡೆ ದಾಟುವುದರಲ್ಲಿ ಸೋಲುತ್ತದೆ. ಗೋಡೆಯಲ್ಲಿ ಲ್ಯಾನ್ ಪೋರ್ಟ್ ಇದ್ದರೆ ವಾರ್ಡನ್ ಅವರನ್ನು ಕೇಳಿ ಕೇಬಲ್ ಹಾಕು. ವಯರಿನ ಮೇಲೆ ನನಗಿರುವ ನಂಬಿಕೆ ಇವತ್ತಿಗೂ ಕಡಿಮೆಯಾಗಿಲ್ಲ.

ಸ್ಪೀಡ್ ಟೆಸ್ಟಿನಲ್ಲಿ 100 ಎಂಬಿಪಿಎಸ್ ತೋರಿಸುತ್ತದೆ, ವಿಡಿಯೊ ಚೆನ್ನಾಗಿ ಓಡುತ್ತದೆ, ಆಟ ಮಾತ್ರ ಯಾಕೆ ಕಡಿಯುತ್ತದೆ ಎಂದು ಕೇಳಿದೆಯಲ್ಲ. ವಿಡಿಯೊ ನೋಡುವುದು ತಾರಸಿಯ ಮೇಲಿನ ಟ್ಯಾಂಕಿನ ನೀರು ಬಳಸಿದ ಹಾಗೆ. ಕೊಳಾಯಿಯಲ್ಲಿ ಹತ್ತು ಸೆಕೆಂಡು ನೀರು ನಿಂತರೂ ಬಚ್ಚಲಲ್ಲಿ ಗೊತ್ತಾಗುವುದಿಲ್ಲ. ಆಟಕ್ಕೆ ಟ್ಯಾಂಕಿಲ್ಲ. ವ್ಯಾಲೊರಂಟ್‌ನಂಥ ಆಟದ ಸರ್ವರ್ ಸೆಕೆಂಡಿಗೆ 128 ಸಲ ಲೆಕ್ಕ ಹಾಕುತ್ತದೆ. ನೀನು ಈ ಕ್ಷಣ ಎಲ್ಲಿದ್ದೀಯ ಎಂಬುದಷ್ಟೇ ಅದಕ್ಕೆ ಬೇಕು, ಹಳೆಯ ಸುದ್ದಿ ಬೇಡ. ಅದಕ್ಕೇ ಇಂಥ ಆಟಗಳು ಕಳೆದ ಪ್ಯಾಕೆಟ್ಟನ್ನು ಮತ್ತೆ ಕೇಳದ ಯುಡಿಪಿ ಎಂಬ ಪದ್ಧತಿಯನ್ನು ಬಳಸುತ್ತವೆ. ಕೆಲವು ಸೆಕೆಂಡು ನಿನ್ನಿಂದ ಏನೂ ಬರದಿದ್ದರೆ ನೀನು ಎದ್ದು ಹೋದೆ ಎಂದೇ ಸರ್ವರ್ ತಿಳಿಯುತ್ತದೆ.

ಕಳೆದ ಮಳೆಗಾಲ ಮನೆಯಲ್ಲಿ ಆದದ್ದನ್ನು ನೆನಪು ಮಾಡಿಕೋ. ದಿನಾ ರಾತ್ರಿ ಎಂಟರ ಮೇಲೆ ಒಂದು ಸಲ ಆಟ ಕಡಿಯುತ್ತಿತ್ತು. ಮಳೆಗೆ ಲೈನು ಹಾಳಾಗಿದೆ ಎಂದು ನೀನು, ಕಂಪನಿಯವರದೇ ತಪ್ಪು ಎಂದು ನಿನ್ನಪ್ಪ. ನಾನು ಒಂದು ನೋಟ್‌ಬುಕ್ ಕೊಟ್ಟು ಪ್ರತಿ ಸಲ ಕಡಿದಾಗಲೂ ಗಂಟೆ, ನಿಮಿಷ, ರೂಟರಿನ ದೀಪ ಯಾವ ಬಣ್ಣ ಎಂದು ಬರೆಯಲು ಹೇಳಿದೆ. ಐದು ದಿನದಲ್ಲಿ ಬರೆದದ್ದು ಎಂಟು ಹತ್ತು, ಎಂಟು ಐದು, ಎಂಟು ಹನ್ನೆರಡು, ಮತ್ತೆ ಎಂಟು ಹತ್ತು, ಎಂಟು ಎಂಟು. ಐದೂ ಸಲ ಎಲ್‌ಒಎಸ್ ದೀಪ ಕೆಂಪು. ಕೆಂಪು ಅಂದರೆ ಫೈಬರಿನಲ್ಲಿ ಸಾಕಷ್ಟು ಬೆಳಕು ಬರುತ್ತಿಲ್ಲ ಎಂದರ್ಥ. ಮಳೆ ಗಡಿಯಾರ ನೋಡಿ ಬರುವುದಿಲ್ಲ. ಆರನೆಯ ದಿನ ಇಬ್ಬರೂ ರೂಟರ್ ಮುಂದೆ ಕೂತೆವು. ಎಂಟು ದಾಟಿದ ಮೇಲೆ ಅಜ್ಜಿ ಬಿಪಿ ಮಾತ್ರೆ ತೆಗೆಯಲು ಶೋಕೇಸಿನ ಡ್ರಾಯರ್ ಎಳೆದಳು, ಅದರ ಹಿಂದೆ ಸಿಕ್ಕಿಕೊಂಡಿದ್ದ ಹಳದಿ ಫೈಬರ್ ತಂತಿ ಮಡಚಿತು, ದೀಪ ಕೆಂಪಾಯಿತು. ತಾಮ್ರದ ತಂತಿ ಮಡಚಿದರೂ ಮಾತು ದಾಟುತ್ತಿತ್ತು. ಗಾಜಿನ ಎಳೆಯಲ್ಲಿ ತಿರುವು ಚಿಕ್ಕದಾದರೆ ಬೆಳಕು ಪಕ್ಕಕ್ಕೆ ಸೋರಿಹೋಗುತ್ತದೆ. ಆಮೇಲೆ ರೂಟರ್ ಪುನಃ ಕಂಪನಿಯ ಯಂತ್ರದ ಜೊತೆ ಸೇರಿಕೊಳ್ಳಲು ಒಂದು ನಿಮಿಷ ಹಿಡಿಯುತ್ತಿತ್ತು. ಆಟ ಅಷ್ಟು ಹೊತ್ತು ಕಾಯುವುದಿಲ್ಲ. ತಂತಿಯನ್ನು ದೊಡ್ಡ ಸುರುಳಿ ಮಾಡಿ ಮೇಲೆ ಕಟ್ಟಿದೆವು, ಅಂದಿನಿಂದ ಆ ತೊಂದರೆ ಇಲ್ಲ. ಆ ನೋಟ್‌ಬುಕ್ ಈಗಲೂ ನನ್ನ ಮೇಜಿನಲ್ಲಿದೆ.

ಪ್ರತಿ ಸಲವೂ ತಪ್ಪು ಇಷ್ಟು ಸಲೀಸಾಗಿ ಕಣ್ಣಿಗೆ ಬೀಳದು. ಗೇಟ್‌ವೇ ಪಿಂಗ್ ಚೆನ್ನಾಗಿದ್ದು ರೂಟರಿನಾಚೆಯ ಸರ್ವರಿಗೆ ಕಳಿಸಿದ ಪಿಂಗ್ ಮಾತ್ರ ಕೆಲವು ಹೊತ್ತು ಏರಿದರೆ, ಆಗ ಯಾರಾದರೂ ದೊಡ್ಡ ಫೈಲು ಅಪ್‌ಲೋಡ್ ಮಾಡುತ್ತಿದ್ದಾರಾ ಎಂದು ನೋಡು. ಫೋನು ತಾನಾಗಿ ಫೋಟೊ ಬ್ಯಾಕಪ್ ಮಾಡುವುದೂ ಅದೇ. ರೂಟರಿನ ಬಾಗಿಲಲ್ಲಿ ಪ್ಯಾಕೆಟ್ಟುಗಳ ಸಾಲು ಬೆಳೆದು ನಿನ್ನ ಸಣ್ಣ ಪ್ಯಾಕೆಟ್ ಅದರ ಬಾಲದಲ್ಲಿ ನಿಲ್ಲುತ್ತದೆ. ಇದಕ್ಕೆ ಬಫರ್‌ಬ್ಲೋಟ್ ಎನ್ನುತ್ತಾರೆ. ಒಳ್ಳೆಯ ರೂಟರುಗಳಲ್ಲಿ ಎಸ್‌ಕ್ಯೂಎಂ ಎಂಬ ವ್ಯವಸ್ಥೆ ಇರುತ್ತದೆ, ಅದು ಸಣ್ಣ ಪ್ಯಾಕೆಟ್ಟುಗಳನ್ನು ಕಾಯಿಸದೆ ಬಿಡುತ್ತದೆ. ಅದಿಲ್ಲದ ಕಡೆ ಅಪ್‌ಲೋಡನ್ನು ಆಟ ಮುಗಿಯುವವರೆಗೆ ನಿಲ್ಲಿಸಿ ಎಂದು ಕೇಳಿಕೊಳ್ಳಬೇಕು, ಅಷ್ಟೇ. ಮನೆಯಲ್ಲಾದರೆ ಕರೆಂಟು ಹೋಗಿ ಇನ್ವರ್ಟರ್ ಹಿಡಿಯುವ ಆ ಒಂದು ಕ್ಷಣಕ್ಕೇ ರೂಟರ್ ಆಫಾಗಿ ಮತ್ತೆ ಏಳುವುದುಂಟು. ರೂಟರಿಗೆಂದೇ ಸಿಗುವ ಸಣ್ಣ ಯುಪಿಎಸ್ ಅದಕ್ಕೆ ಮದ್ದು. ಅಡಾಪ್ಟರಿನ ವೋಲ್ಟ್ ನೋಡಿಕೊಂಡು ಕೊಳ್ಳಬೇಕು.

ಗೆಳೆಯರು ಪೋರ್ಟ್ ಫಾರ್ವರ್ಡ್ ಮಾಡು ಎಂದರಂತೆ. ರೂಟರಿನ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಅದರಿಂದ ಏನೂ ಆಗದು. ಹಳೆಯ ಪದ್ಧತಿಯ ಐಪಿ ವಿಳಾಸಗಳು ಇರುವುದೇ ಸುಮಾರು 430 ಕೋಟಿ, ಹಾಗಾಗಿ ಕಂಪನಿಗಳು ಒಂದು ವಿಳಾಸವನ್ನು ಅನೇಕ ಮನೆಗಳಿಗೆ ಹಂಚುತ್ತವೆ. ನಿನ್ನ ರೂಟರಿನಲ್ಲಿ ಬಾಗಿಲು ತೆರೆದರೂ ಮುಂದೆ ಇನ್ನೊಂದು ಬಾಗಿಲು ಮುಚ್ಚಿರುತ್ತದೆ. ಆಟಗಾರರ ಯಂತ್ರಗಳು ನೇರವಾಗಿ ಒಂದನ್ನೊಂದು ಸೇರಬೇಕಾದ ಆಟಗಳಲ್ಲಿ ಮಾತ್ರ ಇದು ಕಾಡುತ್ತದೆ. ಬೇಕೆಂದರೆ ಕಂಪನಿಯಿಂದ ಪ್ರತ್ಯೇಕ ವಿಳಾಸ ಕೇಳಿ ಪಡೆಯಬೇಕು. ಡಿಎನ್‌ಎಸ್ ಬದಲಿಸಿದರೂ ಆಟ ಕಡಿಯುವುದು ನಿಲ್ಲದು. ಅದು ಹೆಸರಿನಿಂದ ವಿಳಾಸ ಹುಡುಕಿಕೊಡುವ ಡೈರೆಕ್ಟರಿ, ಸಂಪರ್ಕ ಸಿಕ್ಕ ಮೇಲೆ ಅದಕ್ಕೆ ಕೆಲಸವಿಲ್ಲ.

ದುಡ್ಡು ಕೊಟ್ಟರೆ ಪಿಂಗ್ ಇಳಿಸುತ್ತೇವೆ ಎನ್ನುವ ಆಪ್‌ಗಳ ವಿಷಯದಲ್ಲಿ ಎಚ್ಚರ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಓಡುತ್ತದೆ. ಬೆಂಗಳೂರಿನಿಂದ ಸಿಂಗಪುರ ನೇರ ಅಳತೆಯಲ್ಲೇ 3,200 ಕಿ.ಮೀ. ಆಗುತ್ತದೆ, ಹೋಗಿ ಬರಲು 32 ಮಿಲಿಸೆಕೆಂಡು ಬೇಕೇ ಬೇಕು. ಕಡಲ ಕೇಬಲ್ಲು ನೇರ ಹೋಗುವುದಿಲ್ಲವಾದ್ದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಯಾವ ಆಪೂ ಇದನ್ನು ಮೀರಲಾರದು. ಕಂಪನಿಯ ದಾರಿ ಸುತ್ತುಬಳಸಾಗಿದ್ದರೆ ವಿಪಿಎನ್ ಅಪರೂಪಕ್ಕೆ ಉಪಕಾರ ಮಾಡಬಹುದು, ಹಾಕಿಯೂ ಹಾಕದೆಯೂ ಅಳೆದು ನೋಡಿ ತೀರ್ಮಾನಿಸು. ಸರಿಮಾಡಿಕೊಡುತ್ತೇನೆ, ಪಾಸ್‌ವರ್ಡ್ ಕೊಡು ಎಂದವನಿಗೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡ. ಹಾಸ್ಟೆಲಿನವರೇ ಆಟಗಳನ್ನು ತಡೆದಿದ್ದಾರೆಂದು ಗೊತ್ತಾದರೆ ಕಳ್ಳದಾರಿ ಹುಡುಕದೆ ನಿನ್ನ ಸಿಮ್ಮಿನಲ್ಲೇ ಆಡು.

ತಪ್ಪು ಕಂಪನಿಯ ಕಡೆಯದೆಂದು ಖಾತ್ರಿಯಾದರೆ ನಿನ್ನ ಲೆಕ್ಕ ಹಿಡಿದು ಮಾತಾಡು. ನೆಟ್ ಸರಿಯಿಲ್ಲ ಅಂದರೆ ರೂಟರ್ ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ಇಂತಿಷ್ಟು ಗಂಟೆಗೆ ಎಲ್‌ಒಎಸ್ ಕೆಂಪಾಯಿತು, ರಿಸೀವ್ ಪವರ್, ಅಂದರೆ ಬರುವ ಬೆಳಕಿನ ಬಲ, ಮೈನಸ್ 20ರಿಂದ ಮೈನಸ್ 28 ಡಿಬಿಎಂಗೆ ಇಳಿಯಿತು, ಗೇಟ್‌ವೇ ಪಿಂಗಿನಲ್ಲಿ ಒಂದೂ ಕಳೆದಿಲ್ಲ ಎಂದು ಹೇಳಿ ನೋಡು, ಸರಿಯಾದ ಜಾಗಕ್ಕೆ ಸರಿಯಾದ ಮನುಷ್ಯ ಬರುತ್ತಾನೆ. ಬಂದವನ ಮೇಲೆ ರೇಗಬೇಡ. ಅವನು ದಿನಕ್ಕೆ ಎಷ್ಟೋ ಮನೆ ಸುತ್ತಿ ಮಳೆಯಲ್ಲಿ ಏಣಿ ಹೊತ್ತು ಬಂದವನು, ಲೈನು ಕಡಿದದ್ದು ಅವನಲ್ಲ. ನಾನು ಅಂಥ ಮಾತು ಬಹಳ ಕೇಳಿದ್ದೇನೆ. ಒಂದು ಲೋಟ ನೀರು ಕೊಟ್ಟು, ಮಳೆ ನಿಂತ ಮೇಲೆ ಹತ್ತು ಎಂದ ಮನೆಗಳ ನೆನಪು ಇನ್ನೂ ಹಾಗೆಯೇ ಇದೆ.

ಇವತ್ತು ರಾತ್ರಿ ಆಟಕ್ಕೆ ಕೂರುವ ಮೊದಲು, ಎಲ್ಲ ಸರಿಯಿರುವಾಗಲೇ, ಗೇಟ್‌ವೇಗೆ ನೂರು ಪಿಂಗ್ ಕಳಿಸು. ಕಡಿದಾಗ ಇನ್ನೊಂದು ನೂರು ಕಳಿಸು. ಎರಡರಲ್ಲೂ ಎಷ್ಟು ಬಂತು, ಎಷ್ಟು ಕಳೆಯಿತು, ಗಂಟೆ ಎಷ್ಟು ಎಂದು ಬರೆದಿಟ್ಟು, ಭಾನುವಾರ ಫೋನು ಮಾಡಿದಾಗ ನನಗೆ ಓದಿ ಹೇಳು.