ಲಾಡಿ, ಗಂಟು ಮತ್ತು ಡಿ.ಎನ್.ಎ.

ಕಳೆದ ತಿಂಗಳು ಇದೇ ಗೋಡೆ ಪತ್ರಿಕೆಯಲ್ಲಿ ನಾನು ತೆಗೆದ ಚಿತ್ರ ತಪ್ಪಿತ್ತು. ಡಿ.ಎನ್.ಎ.ಯ ಎರಡೆಳೆ ಹುರಿ ಪ್ರೋಟೀನಿನ ರಂಧ್ರದೊಳಗೆ ಹಾದು ಹೋಗುವಂತೆ ಬಣ್ಣ ಹಾಕಿದ್ದೆ. ನಮ್ಮ ವಿಜ್ಞಾನ ಗುರುಗಳು ನೋಡಿ, "ಅಳತಿ ನೋಡಿ ತಗದಿಯೇನವಾ?" ಎಂದು ಕೇಳಿದರು. ನೋಡಿರಲಿಲ್ಲ.

ಅಳತೆ ಹೀಗಿದೆ. ಎರಡೆಳೆ ಡಿ.ಎನ್.ಎ.ಯ ದಪ್ಪ ಸುಮಾರು 2 ನ್ಯಾನೋಮೀಟರ್. ರಂಧ್ರದ ಅತಿ ಇಕ್ಕಟ್ಟಾದ ಜಾಗ ಸುಮಾರು 1.4 ನ್ಯಾನೋಮೀಟರ್. (ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲೇ ಒಂದು ನ್ಯಾನೋಮೀಟರ್.) ಅಂದ್ರೆ ಒಂದೆಳೆ ಹಾಯುತ್ತದೆ, ಎರಡೆಳೆ ಹಾಯೂದಿಲ್ಲ.

ಈ ರಂಧ್ರ ಎಲ್ಲಿಯದು? ಕುರುವಿನಲ್ಲಿ ಕೀವು ತುಂಬಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಆಲ್ಫಾ ಹೀಮೊಲೈಸಿನ್ ಎಂಬ ವಿಷದ ಪ್ರೋಟೀನು ಮಾಡುತ್ತದೆ. ಅದರ ಏಳು ತುಂಡು ಒಂದುಗೂಡಿ ನಮ್ಮ ಜೀವಕೋಶದ ಪೊರೆಗೆ ತೂತು ಹಾಕುತ್ತವೆ. ವೈರಿಯ ಆ ತೂತನ್ನೇ ವಿಜ್ಞಾನಿಗಳು ಉಪಕರಣ ಮಾಡಿಕೊಂಡರು!

ನಡುವೆ ಒಂದು ಪೊರೆ, ಅದರಲ್ಲಿ ಒಂದೇ ತೂತು, ಎರಡೂ ಕಡೆ ಉಪ್ಪುನೀರು. ವಿದ್ಯುತ್ ಒತ್ತಡ ಕೊಟ್ಟರೆ ಉಪ್ಪಿನ ಅಯಾನುಗಳು ತೂತಿನಿಂದ ಹರಿದು ಸಣ್ಣ ಪ್ರವಾಹ ಆಗುತ್ತದೆ. ಅದನ್ನು ಪಿಕೋ ಆಂಪಿಯರಿನಲ್ಲಿ ಅಳೆಯುತ್ತಾರೆ, ಅಂದ್ರೆ ಒಂದು ಆಂಪಿಯರಿನ ಲಕ್ಷ ಕೋಟಿ ಪಾಲಿನಲ್ಲಿ ಒಂದು ಪಾಲು. ಡಿ.ಎನ್.ಎ.ಗೆ ಋಣ ವಿದ್ಯುದಂಶ ಇರುವುದರಿಂದ ಅದು ಧನದ ಕಡೆಗೆ ಎಳೆಯಲ್ಪಟ್ಟು ತೂತಿನೊಳಗೆ ತೂರುತ್ತದೆ. ತೂರಿದಾಗ ದಾರಿ ಕಟ್ಟಿ ಪ್ರವಾಹ ಇಳಿಯುತ್ತದೆ. ಹೀಗೆ ಒಂದೆಳೆ ಹಾಯುವುದನ್ನು ಕಾಸಿಯನೋವಿಚ್, ಬ್ರ್ಯಾಂಡಿನ್, ಬ್ರಾಂಟನ್, ಡೀಮರ್ ಎಂಬುವರು 1996ರಲ್ಲಿ ತೋರಿಸಿದರು.

ಇನ್ನು ಲಾಡಿಯ ಮಾತು. ತಮ್ಮನ ಚಡ್ಡಿಗೆ ಲಾಡಿ ಹಾಕುವ ಕೆಲಸ ಯಾವಾಗಲೂ ನನ್ನದೇ. ತುದಿಗೆ ಪಿನ್ನು ಚುಚ್ಚಿ ತೂರಿಸಬೇಕು. ಮಡಚಿ ಎರಡೆಳೆ ಮಾಡಿದರೆ ಸಿಕ್ಕಿಬೀಳುತ್ತದೆ. ತೂರಿದ ಮೇಲೆ ಎರಡೂ ತುದಿಗೆ ಗಂಟು ಹಾಕಬೇಕು. ಗಂಟು ಇದ್ದರೆ ಲಾಡಿ ಅತ್ತಿತ್ತ ಸರಿದಾಡುತ್ತದೆ, ಆದ್ರೆ ಹೊರಗೆ ಬರೂದಿಲ್ಲ.

2004ರಲ್ಲಿ ಘದಿರಿ ಮತ್ತು ಬೇಲಿ ಅವರ ತಂಡಗಳು ಇದನ್ನೇ ಮಾಡಿದವು. ಆಲ್ಫಾ ಹೀಮೊಲೈಸಿನ್ ತೂತಿನಲ್ಲಿ ಡಿ.ಎನ್.ಎ. ಸೇರಿಸಿದ ದಾರವನ್ನು ತೂರಿಸಿ ಎರಡೂ ಕಡೆ ಗಂಟು ಹಾಕಿದರು. ಗಂಟು ಯಾವುದರದ್ದು ಗೊತ್ತೇನು? ಎರಡೆಳೆ ಡಿ.ಎನ್.ಎ.ಯದೇ! ಅದು ತೂತಿನಲ್ಲಿ ಹಿಡಿಯೂದಿಲ್ಲ ಅಲ್ಲವೇ? ನನ್ನ ಚಿತ್ರ ಕೆಡಿಸಿದ ಅಳತೆಯೇ ಅವರ ಗಂಟಾಯಿತು. ಒತ್ತಡ ಬದಲಿಸಿದರೆ ದಾರ ಸರಿಯುತ್ತದೆ, ಪ್ರವಾಹ ಬದಲಾಗುತ್ತದೆ. ಅದೇ ಅಣುವಿನ ಸ್ವಿಚ್ಚು. ಅದರಿಂದ ಬಲ್ಬು ಹತ್ತೂದಿಲ್ಲ ಬಿಡ್ರಿ.

ಇಂಥ ಪ್ರೋಟೀನು ತೂತು ನಮ್ಮ ನಾಡಿಗೂ ಬಂದಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯಿಂದ ದುಡಿಯಲಿಕ್ಕೆ ಹೋದವರು 2020ರಲ್ಲಿ ಮಹಾರಾಷ್ಟ್ರದಿಂದ ತಿರುಗಿ ಬಂದದ್ದು ನಿಮಗೆ ನೆನಪಿರಬೇಕು. ನಮ್ಮ ಕಾಕಾನೂ ಬಂದಿದ್ದರು. "ರೋಗ ತಂದವರು ನೀವಽ" ಎಂದು ಅವರಿಗೆ ಎಷ್ಟೋ ದಿನ ಯಾರೂ ನೀರು ಕೊಡಲಿಲ್ಲ. ಅದೇ ವರ್ಷ ಬೆಂಗಳೂರಿನ ನಿಮ್ಹಾನ್ಸ್ ವಿಜ್ಞಾನಿಗಳು ಕರ್ನಾಟಕದ ರೋಗಿಗಳ ಕೊರೊನಾ ವೈರಸ್ಸನ್ನು ನ್ಯಾನೋರಂಧ್ರ ಯಂತ್ರದಲ್ಲಿ ಓದಿದರು. ವೈರಸ್ಸಿನ ಆರ್.ಎನ್.ಎ.ಯನ್ನು ಮೊದಲು ಡಿ.ಎನ್.ಎ. ಮಾಡುತ್ತಾರೆ. ಯಂತ್ರದ ತೂತಿನ ಬಾಯಲ್ಲಿ ಕೂತ ಕಿಣ್ವ ಎರಡೆಳೆಯನ್ನು ಬಿಚ್ಚಿ ಒಂದೆಳೆಯನ್ನು ಹೆಜ್ಜೆ ಹೆಜ್ಜೆಯಾಗಿ ಬಿಡುತ್ತದೆ. ಎ, ಟಿ, ಜಿ, ಸಿ ಅಕ್ಷರಗಳು ನಾಲ್ಕೈದು ಕೂಡಿ ತೂತಿನಲ್ಲಿ ನಿಂತಾಗ ಪ್ರವಾಹ ಬೇರೆ ಬೇರೆ ಆಗುತ್ತದೆ. ಅದರಿಂದ ಅಕ್ಷರ ಗುರುತಿಸುತ್ತಾರೆ. ಹಾಗೆ ಓದಿದಾಗ ತಿಳಿದದ್ದೇನೆಂದರೆ, ವೈರಸ್ಸು ರಾಜ್ಯಕ್ಕೆ ಒಂದೇ ದಾರಿಯಿಂದ ಬಂದಿರಲಿಲ್ಲ, ಬೇರೆ ಬೇರೆ ಕಡೆಯಿಂದ ಹಲವು ಸಲ ಬಂದಿತ್ತು. ಇದನ್ನು ಕಾಕಾಗೆ ಓದಿ ಹೇಳಿದೆ. ಅವರು ಇನ್ನೊಮ್ಮೆ ಓದು ಅಂದರು.

ತಿದ್ದಿದ ಚಿತ್ರ ಕೆಳಗೆ ಅಂಟಿಸಿದ್ದೇನೆ. ಈ ಸಲ ತೂತಿನೊಳಗೆ ಒಂದೇ ಎಳೆ ಇದೆ, ಎಣಿಸಿ ನೋಡ್ರಿ.